ಜಪಾನಿನಲ್ಲಿ ಹಚ್ಚೆ: ಮೊದಲು ಸ್ನಾನ ಮುಗಿಸಿ, ಆಮೇಲೆ ಸೂಜಿಗೆ ಕೈ ಕೊಡಿ

ಜಪಾನಿಗೆ ಹೋಗಿ ಅಲ್ಲಿನ ಸಾಂಪ್ರದಾಯಿಕ ಹಚ್ಚೆ ಹಾಕಿಸಿಕೊಂಡು ಬರುವ ಆಸೆ ಇದ್ದವರು ಟಿಕೆಟ್ ತೆಗೆಯುವ ಮುಂಚೆಯೇ ದಿನಗಳನ್ನು ಸರಿಯಾಗಿ ಜೋಡಿಸಿಕೊಳ್ಳಿ. ಬಿಸಿನೀರಿನ ಬುಗ್ಗೆಯ ಊರುಗಳು ಮೊದಲು, ಹಚ್ಚೆ ಕೊನೆಗೆ. ಹಸಿ ಹಚ್ಚೆ ಹೊತ್ತು ಒನ್ಸೆನ್, ಅಂದರೆ ಬುಗ್ಗೆನೀರಿನ ಸ್ನಾನದ ತೊಟ್ಟಿಗೆ ಇಳಿಯುವಂತಿಲ್ಲ, ಮಾಯಲು ಎರಡು ವಾರವಾದರೂ ಬೇಕು. ಮಾಯ್ದ ಮೇಲೂ ಬಹಳ ಕಡೆ ಒಳಗೆ ಬಿಡುವುದಿಲ್ಲ. 2015ರಲ್ಲಿ ಜಪಾನಿನ ಪ್ರವಾಸೋದ್ಯಮ ಇಲಾಖೆ ಹೋಟೆಲು, ವಸತಿಗೃಹಗಳನ್ನು ಕೇಳಿದಾಗ ಉತ್ತರಿಸಿದವರಲ್ಲಿ ಶೇ 56 ಮಂದಿ ಹಚ್ಚೆ ಇದ್ದವರನ್ನು ಸ್ನಾನಕ್ಕೆ ಬಿಡುವುದಿಲ್ಲ ಎಂದಿದ್ದರು. ಮುಚ್ಚಿಕೊಂಡರೆ ಆದೀತು ಎಂದವರು ಶೇ 13.

ಮೈಗೆ ಹಚ್ಚೆ ಹಾಕಿಸಿಕೊಳ್ಳುವ ಯಾಕೂಜಾ ಎಂಬ ಅಪರಾಧಿ ಗ್ಯಾಂಗಿನವರನ್ನು ದೂರ ಇಡಲು ಬೆಳೆದುಬಂದ ಈ ನಿಯಮದ ಏಟು ಬಿದ್ದದ್ದು ನನ್ನ ಅಮ್ಮನಿಗೆ.

ನಮ್ಮದು ಹೊನ್ನಾವರದ ಕಡೆ. ಅಮ್ಮನ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈಯ ಹತ್ತಿರದವರೆಗೆ ಹಸಿರು ಹಚ್ಚೆ ಇದೆ. ಚುಕ್ಕಿ ಸಾಲು, ತುಳಸಿಕಟ್ಟೆ, ಒಂದು ಚೇಳು, ಎಲ್ಲ ಹುಡುಗಿಯಾಗಿದ್ದಾಗ ಜಾತ್ರೆಯಲ್ಲಿ ಹಾಕಿಸಿಕೊಂಡದ್ದು. ತಂಗಿ ಯೊಕೊಹಾಮಾದಲ್ಲಿ ಕೆಲಸದಲ್ಲಿದ್ದಾಳೆ, ಅವಳನ್ನು ನೋಡಿದ ಹಾಗೂ ಆಗುತ್ತದೆ ಎಂದು ನಾನು, ಅಮ್ಮ ಹೊರಟೆವು. ಹಕೋನೆ ಬೆಟ್ಟದ ಒಂದು ಹೋಟೆಲಿನಲ್ಲಿ ಒಂದು ರಾತ್ರಿಗೆ ಇಬ್ಬರಿಗೆ ಊಟ ಸೇರಿ 38,000 ಯೆನ್ ಕಟ್ಟಿದ್ದೆವು. ಬುಕ್ ಮಾಡುವಾಗ ಹಚ್ಚೆಯ ಬಗ್ಗೆ ಒಂದಕ್ಷರವೂ ಕಾಣಲಿಲ್ಲ. ಹೆಂಗಸರ ಸ್ನಾನದ ಬಾಗಿಲಲ್ಲಿ ನಿಂತಿದ್ದ ಹುಡುಗಿ ಅಮ್ಮನ ಕೈ ನೋಡಿದಳು, ಗೋಡೆಯ ಬೋರ್ಡು ತೋರಿಸಿದಳು, ಬಗ್ಗಿ ಬಗ್ಗಿ ಕ್ಷಮೆ ಕೇಳಿದಳು. ಒಳಗೆ ಮಾತ್ರ ಬಿಡಲಿಲ್ಲ. ಕೌಂಟರಿನಲ್ಲಿ ಒಂದು ಸ್ಟಿಕ್ಕರ್ ಕೊಟ್ಟರು, ಅಂಗೈಯಗಲದ್ದು; ಅದಕ್ಕೆ ಅಮ್ಮನ ಚೇಳೂ ಮುಚ್ಚಲಿಲ್ಲ. ಹಣ ವಾಪಸ್ ಇಲ್ಲ ಎಂದರು.

"ಈ ಕೈ ಗರ್ಭಗುಡಿ ಬಾಗಿಲವರೆಗೂ ಹೋಗ್ತದೆ, ನೀರಿಗೆ ಎಂತಕ್ಕೆ ಆಗೂದಿಲ್ಲ ಮಗಾ?" ಎಂದು ಕೇಳಿದರು ಅಮ್ಮ. ನಾನು ಒಬ್ಬಳೇ ಹೋಗಿ ಸ್ನಾನ ಮಾಡಲು ಮನಸ್ಸು ಬರಲಿಲ್ಲ. 2013ರಲ್ಲಿ ಹೊಕ್ಕೈಡೋದ ಒಂದು ಸ್ನಾನಗೃಹ ಮುಖದ ಮೇಲೆ ತಮ್ಮ ಕುಲದ ಹಚ್ಚೆ ಇದ್ದ, ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಮಹಿಳೆಯೊಬ್ಬರನ್ನು ಹೀಗೇ ವಾಪಸ್ ಕಳಿಸಿ ದೊಡ್ಡ ಸುದ್ದಿಯಾಗಿತ್ತು. ಇಷ್ಟು ವರ್ಷ ಕಳೆದರೂ ಮುದುಕಿಯೊಬ್ಬರ ಕೈಯ ತುಳಸಿಕಟ್ಟೆಗೂ ಗ್ಯಾಂಗಿನ ಗುರುತಿಗೂ ವ್ಯತ್ಯಾಸ ಕಾಣದ ನಿಯಮವನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮನೆಯ ಹಿರಿಯರ ಕೈಯಲ್ಲಿ ಹಚ್ಚೆ ಇದ್ದರೆ ಅದರ ಫೋಟೋ ಹೋಟೆಲಿಗೆ ಕಳಿಸಿ, ಆಗುತ್ತದೋ ಇಲ್ಲವೋ ಎಂದು ಬರಹದಲ್ಲೇ ಉತ್ತರ ತರಿಸಿಕೊಂಡು ಆಮೇಲೆ ಹಣ ಕಟ್ಟಿ. ಮನೆಮಂದಿಗೆ ಮಾತ್ರ ಬಾಡಿಗೆಗೆ ಕೊಡುವ ಸ್ನಾನದ ಕೋಣೆ ಇದ್ದರೆ ಇನ್ನೂ ಒಳ್ಳೆಯದು. ಜಪಾನಿಯಲ್ಲಿ ಅದಕ್ಕೆ ಕಶಿಕಿರಿ ಎನ್ನುತ್ತಾರೆ.

ಮರ್ಯಾದೆಯಿಂದ ಮೀಯಬೇಕಿದ್ದರೆ ಕಿನೊಸಾಕಿಗೆ ಹೋಗಿ. ಕ್ಯೋಟೋದಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಊರಿನ ಸಾರ್ವಜನಿಕ ಸ್ನಾನಗೃಹಗಳಲ್ಲಿ ಹಚ್ಚೆಗೆ ತಕರಾರಿಲ್ಲ, ಊರಿನ ವಸತಿಗೃಹದಲ್ಲಿ ಉಳಿದವರಿಗೆ ಅವುಗಳ ಪಾಸ್ ಉಚಿತ. ಒಂದೊಂದಕ್ಕೆ ವಾರದ ಒಂದೊಂದು ದಿನ ರಜೆ, ನೋಡಿಕೊಂಡು ಹೊರಡಿ. ಅಮ್ಮ ಅಲ್ಲಿ ಕೈ ಮುಚ್ಚಿಕೊಳ್ಳದೆ ಮಿಂದರು. ಚಳಿಗಾಲದಲ್ಲಿ ಏಡಿಯ ಸೀಸನ್, ಕೋಣೆ ಬಾಡಿಗೆ ಏರುತ್ತದೆ. ಅಷ್ಟು ದೂರ ಬೇಡವಾದರೆ ನಗರದ ಬೀದಿಗಳ ಸೆಂತೋ, ಅಂದರೆ ಮೊಹಲ್ಲಾದ ಹಳೇ ಸ್ನಾನಗೃಹ, ಸಾಕು. ಹೆಚ್ಚಿನ ಕಡೆ ಹಚ್ಚೆ ಇದೆಯೇ ಎಂದು ಕೇಳುವುದೇ ಇಲ್ಲ. ಟೋಕಿಯೋದಲ್ಲಿ 2024ರ ಆಗಸ್ಟಿನಿಂದ ದೊಡ್ಡವರಿಗೆ 550 ಯೆನ್.

ಇನ್ನು ಹಚ್ಚೆಯ ಅಂಗಡಿ. ಬೋರ್ಡು ಹುಡುಕುತ್ತಾ ಬೀದಿ ಅಲೆದರೆ ಸಿಗುವುದು ಬಹುಪಾಲು ಪ್ರವಾಸಿಗರ ಅಂಗಡಿಗಳೇ: ಗೋಡೆ ತುಂಬ ಚಿತ್ರ, ತೋರಿಸಿದ್ದನ್ನು ಅರ್ಧ ಗಂಟೆಯಲ್ಲಿ ಯಂತ್ರದಿಂದ ಹಾಕಿ ಕಳಿಸುತ್ತಾರೆ. ಕೈಯಲ್ಲೇ ಚುಚ್ಚುವ ತೆಬೋರಿ ಬಲ್ಲ ಹೊರಿಶಿಗಳು, ಅಂದರೆ ಹಚ್ಚೆಯ ಕಸುಬುದಾರರು, ಎಷ್ಟೋ ಜನ ಹೆಸರಿಲ್ಲದ ಮಹಡಿಯ ಕೋಣೆಗಳಲ್ಲಿ ಕೂತಿರುತ್ತಾರೆ. ಅದಕ್ಕೆ ಕಾರಣವಿದೆ. 1872ರಲ್ಲಿ ಮೇಜಿ ಸರ್ಕಾರ ಹಚ್ಚೆ ನಿಷೇಧಿಸಿತು, ನಿಷೇಧ ಹೋದದ್ದು 1948ರಲ್ಲಿ. (ಆ ನಿಷೇಧದ ನಡುವೆಯೇ 1881ರಲ್ಲಿ ಜಪಾನಿಗೆ ಬಂದ ಇಂಗ್ಲೆಂಡಿನ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವನು, ತೋಳಿಗೆ ಹಚ್ಚೆ ಹಾಕಿಸಿಕೊಂಡು ಹೋದ.) 2001ರಲ್ಲಿ ಆರೋಗ್ಯ ಸಚಿವಾಲಯ ಇದು ವೈದ್ಯರ ಕೆಲಸ ಎಂದು ಸೂಚನೆ ಹೊರಡಿಸಿತು. 2015ರಲ್ಲಿ ಒಸಾಕಾದ ಕಲಾವಿದರೊಬ್ಬರ ಮೇಲೆ ವೈದ್ಯ ಪರವಾನಗಿ ಇಲ್ಲವೆಂದು ಕೇಸು ಬಿತ್ತು. ದಂಡ ಕಟ್ಟಿ ಮುಗಿಸದೆ ಅವರು ಹೋರಾಡಿದರು. 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹಚ್ಚೆ ಹಾಕುವುದು ವೈದ್ಯವೃತ್ತಿಯಲ್ಲ ಎಂದು ಹೇಳಿದ ಮೇಲೆಯೇ ಈ ಜನ ನಿರಾಳವಾಗಿ ಉಸಿರಾಡಿದ್ದು. ಬೋರ್ಡಿಲ್ಲದ ಬಾಗಿಲು ಕಂಡು ಅನುಮಾನಪಡಬೇಡಿ.

ತಿಂಗಳುಗಳ ಮುಂಚೆ ಬರೆದು ಸಮಯ ಕೇಳಬೇಕು. ಮೈಮೇಲೆ ಎಲ್ಲಿ, ಎಷ್ಟು ದೊಡ್ಡದು, ಜಪಾನಿನಲ್ಲಿ ಎಷ್ಟು ದಿನ ಇರುತ್ತೀರಿ, ಎಲ್ಲ ಬರೆಯಿರಿ. ಇನ್ನೊಬ್ಬರ ಮೈಮೇಲಿನ ಚಿತ್ರದ ಫೋಟೋ ಕಳಿಸಿ 'ಇದೇ ಬೇಕು' ಎನ್ನಬೇಡಿ. ಸ್ನೇಹಿತರ ದಂಡು ಕಟ್ಟಿಕೊಂಡು ಹೋಗಬೇಡಿ. ಪಾಸ್‌ಪೋರ್ಟ್ ಕೇಳುತ್ತಾರೆ, ಹದಿನೆಂಟು ತುಂಬದವರಿಗೆ ಹಾಕುವುದಿಲ್ಲ. ನನಗೆ ಗಂಟೆಗೆ 15,000 ಯೆನ್ ಹೇಳಿದರು, ನಗದು ಮಾತ್ರ.

ಯೊಕೊಹಾಮಾದಲ್ಲಿ ನಾನು ಹಚ್ಚೆ ಹಾಕಿಸಿಕೊಂಡ ಕೋಣೆಗೆ ಹೋಗುವ ದಾರಿಯಲ್ಲಿ, ರೈಲು ಹಳಿಯ ಪಕ್ಕದ ಸಂದಿಯಲ್ಲಿ, ಎಂಟೇ ಕುರ್ಚಿಯ ಒಂದು ಊಟದ ಅಂಗಡಿ ಇದೆ. ಬಾಗಿಲಲ್ಲಿ ಟಿಕೆಟ್ ಮಿಷನ್, ಒಳಗೆ ಗಂಡ ಹೆಂಡತಿ ಇಬ್ಬರೇ. 800 ಯೆನ್‌ಗೆ ಸಾಬಾ ಮೀನಿನ ಊಟ. ಸಾಬಾ ಅಂದರೆ ನಮ್ಮ ಬಂಗುಡೆಯ ಜಾತಿಯದೇ, ಮೈ ಮಾತ್ರ ದೊಡ್ಡದು. ಉಪ್ಪು ಸವರಿ ನೇರ ಬೆಂಕಿಯ ಮೇಲೆ ಸುಡುತ್ತಾರೆ. ಚರ್ಮ ಚಿಟಿಚಿಟಿ ಎನ್ನುತ್ತಾ ಉಬ್ಬಿ ಕಪ್ಪಾಗುತ್ತದೆ, ಒಳಗೆ ಎಣ್ಣೆ ಜಿನುಗುವ ಬಿಳಿ ಮಾಂಸ. ಜೊತೆಗೆ ತುರಿದ ಮೂಲಂಗಿ, ಬಿಸಿ ಮಿಸೋ ಸಾರು, ಸೌತೆ ಉಪ್ಪಿನಕಾಯಿ, ಅನ್ನ ಬೇಕಾದಷ್ಟು. ಮಸಾಲೆ ಇಲ್ಲದ ಮೀನು ಅಮ್ಮನಿಗೆ ರುಚಿಸದು ಎಂದು ತಂಗಿ ಹೆದರಿದ್ದಳು. ಅಮ್ಮ ಮುಳ್ಳಿನ ಸಂದಿಯನ್ನೂ ಬಿಡದೆ ತಿಂದು, ಕೈಸನ್ನೆಯಲ್ಲೇ ಇನ್ನೊಂದು ಬಟ್ಟಲು ಅನ್ನ ತರಿಸಿಕೊಂಡರು. ಸೂಜಿಗೆ ಕೂರುವ ಮುಂಚೆ ಹೊಟ್ಟೆ ತುಂಬಿರಲೇಬೇಕು, ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತುತ್ತದೆ. ಹಿಂದಿನ ರಾತ್ರಿ ಕುಡಿಯುವುದೂ ಬೇಡ.

ಕೋಣೆಯಲ್ಲಿ ಚಾಪೆ, ದೀಪ, ಚಿತ್ರದ ಪುಸ್ತಕಗಳು. ಪುಟ ತಿರುಗಿಸುತ್ತಿದ್ದ ಅಮ್ಮ ಬಿವಾ ವಾದ್ಯ ಹಿಡಿದ ಬೆಂಜೈತೆನ್ ದೇವತೆಯನ್ನು ಕಂಡು "ಇದು ಶಾರದೆಯಲ್ಲವ" ಎಂದರು. ಹೌದು, ನಮ್ಮ ಸರಸ್ವತಿಯೇ ಬೌದ್ಧರ ಜೊತೆ ಅಲ್ಲಿಗೆ ಹೋದದ್ದು. ಖಡ್ಗ ಹಿಡಿದ ಫುದೋ ದೇವರು ಕೂಡ ನಮ್ಮ ಕಡೆಯಿಂದ ಹೋದ ಬೌದ್ಧರ ಅಚಲನೇ.

ನಾನು ಕೇಳಿದ್ದು ಭುಜಕ್ಕೆ ಒಂದು ಬೊತಾನ್, ಅಂದರೆ ಪಿಯೋನಿ ಹೂವು, ಅಷ್ಟೇ. ಬೆನ್ನು ತುಂಬುವ ಕೆಲಸಕ್ಕೆ ವಾರವಾರ ಕೂತರೂ ವರ್ಷಗಳು ಬೇಕು. ರಜೆಯ ನಡುವೆ ದೊಡ್ಡದನ್ನು ಶುರುಮಾಡಿ ಅರ್ಧಕ್ಕೆ ಬಿಟ್ಟು ಬರಬೇಡಿ. ಹೂವಿನ ಗೆರೆಯನ್ನು ಯಂತ್ರದಲ್ಲೇ ಎಳೆದರು. ಇದರಲ್ಲಿ ಮೋಸವಿಲ್ಲ, ಈಗ ಹಲವು ಹೊರಿಶಿಗಳು ಗೆರೆಗೆ ಯಂತ್ರ, ಬಣ್ಣಕ್ಕೆ ಕೈ ಎಂದು ಹಂಚಿಕೊಂಡಿದ್ದಾರೆ. ಬಣ್ಣ ತುಂಬುವಾಗ ಉದ್ದದ ಕಡ್ಡಿಯ ತುದಿಗೆ ಸೂಜಿಗಳ ಸಾಲು. ಎಡಗೈಯಲ್ಲಿ ಚರ್ಮ ಬಿಗಿಹಿಡಿದು, ಹೆಬ್ಬೆರಳ ಮೇಲೆ ಕಡ್ಡಿ ಆನಿಸಿ, ಓರೆಯಾಗಿ ಚುಚ್ಚಿ ಎತ್ತುತ್ತಾರೆ. ಪ್ರತಿ ಸಲ ಸಣ್ಣಗೆ ಚಕ್ ಚಕ್ ಸದ್ದು. ಯಂತ್ರದ ಉರಿಗಿಂತ ಇದು ನನಗೆ ಎಷ್ಟೋ ಹಗುರ ಅನಿಸಿತು. ಗಾಢ ಕಪ್ಪಿನಿಂದ ಬೂದಿಗೆ, ಬೂದಿಯಿಂದ ಚರ್ಮದ ಬಣ್ಣಕ್ಕೆ ಇಳಿಯುವ ಆ ಛಾಯೆಗಾಗಿಯೇ ಅಷ್ಟು ದೂರ ಹೋಗಬಹುದು.

ಚುಚ್ಚಿಸಿಕೊಳ್ಳದೆ ನೋಡಲಷ್ಟೇ ಹೋಗುವವರು ಟೋಕಿಯೋದ ಹರಾಜುಕುದಲ್ಲಿರುವ ಓಟಾ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಹಳೇ ಕಾಲದ ಚಿತ್ರಕಾರ ಕುನಿಯೋಶಿಯ ಮುದ್ರಣ ಚಿತ್ರಗಳು ಪ್ರದರ್ಶನಕ್ಕಿವೆಯೇ ಎಂದು ವಿಚಾರಿಸಿ. 1827ರ ಸುಮಾರಿಗೆ ಅವನು ಬಿಡಿಸತೊಡಗಿದ ಸುಯಿಕೊದೆನ್ ಎಂಬ ಚೀನೀ ಕಥೆಯ ವೀರರ ಮೈಮೇಲಿನ ಹಚ್ಚೆಗಳನ್ನು ಕಂಡೇ ಎದೋ, ಅಂದರೆ ಈಗಿನ ಟೋಕಿಯೋ ಪಟ್ಟಣದ ಜನ ಇಡೀ ಬೆನ್ನು ಚಿತ್ರಿಸಿಕೊಳ್ಳುವ ಹುಚ್ಚಿಗೆ ಬಿದ್ದರು. ಜೀವಂತ ಮೈಮೇಲೆ ನೋಡಬೇಕಾದರೆ ಮೇ ತಿಂಗಳ ಮೂರನೇ ವಾರಾಂತ್ಯದ ಸಂಜಾ ಹಬ್ಬ, ಅಸಾಕುಸಾದಲ್ಲಿ. ಭಾನುವಾರ ಮೂರು ದೊಡ್ಡ ಪಲ್ಲಕ್ಕಿ ಹೊರಡುವಾಗ ಕಾಲಿಡಲು ಜಾಗವಿರುವುದಿಲ್ಲ. ನೂಕುನುಗ್ಗಲು ನನಗಾಗದು, ವಯಸ್ಸಾದವರು ಜೊತೆಗಿದ್ದರೆ ಭಾನುವಾರ ಬೇಡವೇ ಬೇಡ. ಶನಿವಾರ ಓಣಿಗಳ ಸಣ್ಣ ಪಲ್ಲಕ್ಕಿಗಳು ತಿರುಗುತ್ತವೆ, ಅಡ್ಡಬೀದಿಯಲ್ಲಿ ನಿಂತರೆ ಸಾಕು. ಫೋಟೋ ತೆಗೆಯುವ ಮುಂಚೆ ಕೇಳಿ. ಬೇಡವೆಂದು ಕೈ ಆಡಿಸಿದರೆ ಫೋನು ಒಳಗಿಡಿ.