ಕಪ್ಪತಗುಡ್ಡದ ಕರಡ

ದೀಪಾವಳಿಗೆ ಮುಂಚೆ ಹುಬ್ಬಳ್ಳಿಯ ನರ್ಸರಿಯೊಂದರಲ್ಲಿ 250 ರೂಪಾಯಿ ಕೊಟ್ಟು ಒಂದು ಕುಂಡ ಹುಲ್ಲು ತಂದೆ. ಫೌಂಟೇನ್ ಗ್ರಾಸ್ ಅಂತ ಚೀಟಿ ಅಂಟಿಸಿದ್ದರು. ಅವ್ವ ಬಾಗಿಲಲ್ಲೇ ತಡೆದು, "ದನಾ ಎಲ್ಲಿ ಕಟ್ಟೀದಿ?" ಅಂದಳು.

ಆ ಹುಲ್ಲು ಆಫ್ರಿಕಾದ್ದು. ನಮ್ಮ ಸಜ್ಜೆಯೂ ಮೂಲತಃ ಅಲ್ಲಿಂದಲೇ ಬಂದದ್ದು, ಎರಡೂ ಒಂದೇ ಕುಲ. ತೆನೆ ನೋಡಿದರೆ ಗೊತ್ತಾಗುತ್ತದೆ: ಒಂದು ದಪ್ಪ, ಇನ್ನೊಂದು ನರಿಬಾಲದ ಹಾಗೆ ತೆಳ್ಳಗೆ, ಪೊದೆಪೊದೆ. ಅಕ್ಕನನ್ನು ರೊಟ್ಟಿ ಮಾಡಿ ತಿಂದೆವು, ತಂಗಿಯನ್ನು ಕುಂಡದಲ್ಲಿಟ್ಟೆವು. ಇದನ್ನು ಮುಂಡರಗಿ ಕಡೆಯ ಮಾಮಾಗೆ ಫೋನಿನಲ್ಲಿ ಹೇಳಿದಾಗ ಅವನು ನಕ್ಕು, "ಹುಲ್ಲು ನೋಡಾಕ ರೊಕ್ಕಾ ಯಾಕ ಕೊಡ್ತೀ? ಛಟ್ಟಿ ಅಮಾಸಿ ಆದಮ್ಯಾಲ ಗುಡ್ಡಕ್ಕ ಬಾ" ಅಂದ.

ಹಾಗೆ ಹೊರಟದ್ದು. ಅಣ್ಣಿಗೇರಿ ದಾಟುತ್ತಲೇ ರಸ್ತೆಯ ಎರಡೂ ಕಡೆ ಎರಿ ಹೊಲ, ಮೊಣಕಾಲೆತ್ತರದ ಹಿಂಗಾರಿ ಜೋಳ, ನಡುನಡುವೆ ಕಡಲಿ. ಗದಗದಲ್ಲಿ ಗಿರಮಿಟ್ಟು, ಮಿರ್ಚಿ. ಮಾಮಾ ಅಲ್ಲೇ ಕಾಯುತ್ತಿದ್ದ. ಡಂಬಳದಲ್ಲಿ ನಕ್ಷತ್ರದ ಆಕಾರದ ದೊಡ್ಡಬಸಪ್ಪ ಗುಡಿಯ ಮೂಲೆಗಳನ್ನು ಎಣಿಸುತ್ತ ಒಂದು ಸುತ್ತು ಹಾಕಿದೆ. ನಡುವೆ ಲೆಕ್ಕ ತಪ್ಪಿತು, ಮಾಮಾ ಮತ್ತೊಂದು ಸುತ್ತಿಗೆ ಬಿಡಲಿಲ್ಲ. "ಬಿಸಿಲು ಏರಿದ್ರ ಹುಲ್ಲು ಸತ್ತಂಗ ಕಾಣತೈತಿ, ನಡಿ."

ಕಪ್ಪತಗುಡ್ಡದ ಬುಡದ ಡೋಣಿ ಹತ್ತಿರ ಬೈಕ್ ನಿಲ್ಲಿಸಿ ತಲೆಯೆತ್ತಿದೆ. ಮಳೆಗಾಲದಲ್ಲಿ ಈ ಗುಡ್ಡವನ್ನು ಹಸಿರಾಗಿ ನೋಡಿದ್ದೇನೆ, ಜನ ಉತ್ತರ ಕರ್ನಾಟಕದ ಸಹ್ಯಾದ್ರಿ ಅನ್ನುವುದು ಆಗಿನ ರೂಪಕ್ಕೆ. ಈಗಿನದಕ್ಕೆ ಯಾರೂ ಹೆಸರಿಟ್ಟಿಲ್ಲ. ಕೆಂಪು ಮಣ್ಣಿನ ಇಳಿಜಾರಿನ ತುಂಬ ಕರಡ ಅನ್ನುವ ಹುಲ್ಲು ಒಣಗಿ ನಿಂತಿತ್ತು. ಬುಡದಲ್ಲಿ ಹುರಿದ ಶೇಂಗಾದ ಬಣ್ಣ, ನಡುವೆ ತಾಮ್ರ, ತುದಿಗೆ ಬಣ್ಣವೇ ಇಲ್ಲ, ಬರೀ ಬೆಳಕು. ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವುಗಳಿಗಿಂತ ಮೊದಲು ಗಾಳಿಯ ಸುದ್ದಿ ಹುಲ್ಲಿಗೆ ಮುಟ್ಟುತ್ತಿತ್ತು: ಇಳಿಜಾರಿನ ಒಂದು ಕಡೆ ಬಾಗಿದ್ದು ಅಲೆಯಾಗಿ ನಮ್ಮ ಕಾಲಬುಡಕ್ಕೆ ಬಂದು ನಿಲ್ಲುತ್ತಿತ್ತು.

ಫೋಟೊ ತೆಗೆದೆ, ಎಲ್ಲ ಸಪ್ಪೆ. ಸೂರ್ಯ ನನ್ನ ಬೆನ್ನಿಗಿದ್ದ. ಮಾಮಾ ನನ್ನ ಭುಜ ಹಿಡಿದು ತಿರುಗಿಸಿದ, "ಹೊತ್ತಿನ ಕಡೆ ಮಾರಿ ಮಾಡು." ಹುಲ್ಲಿನ ಹಿಂದೆ ಸೂರ್ಯ ಬಂದದ್ದೇ ತಡ, ಪ್ರತಿ ತೆನೆಯ ಪ್ರತಿ ಕೂದಲೂ ಬೇರೆಬೇರೆಯಾಗಿ ಹೊತ್ತಿಕೊಂಡಿತು. ಮನೆಯ ಕುಂಡವನ್ನು ನಾನು ಬಾಗಿಲ ಪಕ್ಕದ ನೆರಳಲ್ಲಿ ಇಟ್ಟಿದ್ದೆ. ಎಂಥ ಪೆದ್ದ!

ಗುಡ್ಡದ ಕೆಳಗಿನ ಹೊಲದ ಬದುವಿನಲ್ಲಿ ಕುರಿ ಮೇಯಿಸುವ ಹಿರಿಯರೊಬ್ಬರು ಕೂತಿದ್ದರು. ಕುರಿಗಳು ಕೊಯ್ದ ಹೊಲದಲ್ಲಿದ್ದವು. ಇಷ್ಟು ಹುಲ್ಲು ನಿಂತಿರುವಾಗ ಅಲ್ಲೇಕೆ ಅಂತ ಕೇಳಿದೆ.

"ತೆನಿ ಒಣಗೂಕಿಂತ ಮೊದ್ಲ ಮೇಯಿಸಬೇಕ್ರಿ ಇದನ್ನ. ಒಣಗಿದ್ಮ್ಯಾಲ ಸೂಜಿ ಆಗತೈತಿ. ಕುರಿ ಉಣ್ಣೆ ದಾಟಿ ಚರ್ಮಕ್ಕ ಇಳೀತೈತಿ."

ಒಂದು ತೆನೆ ಕಿತ್ತು ತೋರಿಸಿದರು. ಕಂದು ಬಣ್ಣದ ಉದ್ದ ಎಳೆಗಳು ಒಂದಕ್ಕೊಂದು ಹೆಣೆದು ಜಡೆಯಾಗಿದ್ದವು. ಬಿಡಿಸಿದರೆ ಪ್ರತಿ ಎಳೆಯ ಬುಡದಲ್ಲಿ ಚೂಪು ಮೂತಿಯ ಒಂದು ಬೀಜ, ಅದರ ಸುತ್ತ ಹಿಂದಕ್ಕೆ ಬಾಗಿದ ರೋಮ. ಒಳಗೆ ಹೋದದ್ದು ಹೊರಗೆ ಬರಬಾರದು, ಅದಕ್ಕೇ ಈ ಏರ್ಪಾಡು. ಬಾಟಲಿಯಿಂದ ಒಂದು ಹನಿ ನೀರು ಹಾಕಿ ಅಂಗೈಯಲ್ಲಿ ಹಿಡಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎಳೆ ತಾನೇ ನಿಧಾನಕ್ಕೆ ತಿರುಗತೊಡಗಿತು, ಜೀವ ಇದ್ದ ಹುಳುವಿನ ಹಾಗೆ. ನೆನೆದಾಗ ತಿರುಚು ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ಬಿಚ್ಚುತ್ತ ಸುತ್ತುತ್ತ ಬೀಜ ಬೈರಿಗೆಯ ಹಾಗೆ ನೆಲ ಕೊರೆದು ಇಳಿಯುತ್ತದೆ. ಬಿತ್ತುವವರಿಲ್ಲದ ಗುಡ್ಡದಲ್ಲಿ ಅದು ತನ್ನನ್ನು ತಾನೇ ಬಿತ್ತಿಕೊಳ್ಳುತ್ತದೆ. ಹಿರಿಯರು ಬಗ್ಗಿ ನೋಡಿ, "ದಿನಾ ತುಳೀತೀನ್ರಿ, ಇದನ್ನ ನೋಡಿರಲಿಲ್ಲ" ಅಂದರು.

244 ಚದರ ಕಿಲೋಮೀಟರ್ ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ ಇರುವ ಜಾಗ. ಗಣಿಗಾರಿಕೆ ಬೇಡವೆಂದು ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಜೊತೆ ಜನ ಬೀದಿಗಿಳಿದದ್ದನ್ನು ಮಾಮಾ ದಾರಿಯುದ್ದಕ್ಕೂ ಹೇಳಿದ. ಅವನ ಈಗಿನ ಚಿಂತೆ ಬೆಂಕಿಯದು. ಇದೇ ಹುಲ್ಲಿಗೆ ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು. ಹುಲ್ಲು ಬುಡದಿಂದ ಚಿಗುರುವ ಜಾತಿ, ಸುಟ್ಟರೂ ಮಳೆಗೆ ಏಳುತ್ತದೆ. ಅದರೊಳಗಿನ ಮೊಟ್ಟೆ, ಮರಿ, ಎಳೆ ಗಿಡ ಏಳುವುದಿಲ್ಲ.

ಇಳಿದು ಬಂದು ಡೋಣಿಯಲ್ಲಿ ಚಹಾಕ್ಕೆ ಕೂತೆವು. ಅಂಗಡಿಯಾತ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. "ಕರಡದಾಗ ಅಡ್ಡಾಡಿ ಬಂದ್ರೇನ್ರಿ?"

ಕಾಲುಚೀಲದ ತುಂಬ ಸೂಜಿ. ಒಂದೊಂದೇ ಕೀಳುತ್ತ ನಲವತ್ತರವರೆಗೆ ಎಣಿಸಿದೆ. ಚಹಾ ಆರಿತು. ಆಮೇಲೆ ಕಾಲುಚೀಲವನ್ನೇ ಬಿಚ್ಚಿ, ಸುತ್ತಿ, ಚೀಲಕ್ಕೆ ತುರುಕಿದೆ.