ಇನ್ನೊಂದ್ಸಲ ಎಳೆಯೋಕೆ ಹೇಳಿ

ಶನಿವಾರದಿಂದ ಮಾವನವರ ಒಂದು ಮಾತು ತಲೆಯಿಂದ ಹೋಗ್ತಾನೇ ಇಲ್ಲ. "ಇನ್ನೊಂದ್ಸಲ ಎಳೆಯೋಕೆ ಹೇಳಿ."

ಅಮೆರಿಕದ ವೆಸ್ಟ್ ವರ್ಜೀನಿಯಾದ ಕ್ಯಾಸ್‌ನಲ್ಲಿ, 1901ರಲ್ಲಿ ಮರದ ದಿಮ್ಮಿ ಸಾಗಿಸೋಕೆ ಹಾಕಿದ ಹಳಿ ಮೇಲೆ ಈಗಲೂ ಉಗಿ ರೈಲು ಓಡುತ್ತದೆ. ಕೆಲವು ಕಡೆ ನೂರು ಅಡಿಗೆ 11 ಅಡಿ ಏರು. ಅಂಥ ಕಡೆ ಬೇಕಾದದ್ದು ಶೇ ಇಂಜಿನ್, ಗೇರ್ ಮೂಲಕ ಚಕ್ರ ತಿರುಗಿಸೋ ಉಗಿ ಇಂಜಿನ್. ಎಫ್ರಾಯಿಮ್ ಶೇ ಅಂತ ಮಿಶಿಗನ್‌ನ ಮರದ ವ್ಯಾಪಾರಿ 1881ರಲ್ಲಿ ಪೇಟೆಂಟ್ ಮಾಡಿಸಿದ್ದು. ನಮ್ಮ ರೈಲಿಗೆ ಸಿಕ್ಕಿದ್ದು 1905ರ ಐದನೇ ನಂಬರಿನ ಇಂಜಿನ್. ಬೆಟ್ಟಕ್ಕೆ ಅದು ಎಳೆಯೋದಿಲ್ಲ, ಹಿಂದಿನಿಂದ ತಳ್ಳುತ್ತದೆ.

ಭಾವಮೈದನಿಗೆ ಬೇಜಾರೋ ಬೇಜಾರು. ಪಕ್ಕದ ಗ್ರೀನ್ ಬ್ಯಾಂಕ್‌ನಲ್ಲಿ ದೊಡ್ಡ ರೇಡಿಯೋ ದೂರದರ್ಶಕ ಇದೆ, ಅದಕ್ಕೆ ತೊಂದರೆ ಆಗಬಾರದು ಅಂತ ಆ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಫೋನ್ ಇಲ್ಲದಿದ್ದರೆ ಅವನಿಗೆ ಬಾಯಿ ಜಾಸ್ತಿ. "ಇಷ್ಟು ಗಲಾಟೆ ಮಾಡಿ ಇಷ್ಟೇನಾ ಓಡೋದು? ಹೊಲಿಗೆ ಮಷೀನ್ ಥರ ಇದೆ."

ಗಲಾಟೆ ನಿಜ. ಪಿಸ್ಟನ್ನುಗಳು ತಿರುಗಿಸೋ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್, ಎರಡು ಸುತ್ತಿನಷ್ಟು ತಿರುಗಿದರೆ ಚಕ್ರ ಒಂದು ಸುತ್ತು. ಮೂರು ಸಿಲಿಂಡರ್, ಒಂದೊಂದೂ ಎರಡೂ ಕಡೆಯಿಂದ ಉಗಿ ಕುಡಿಯುತ್ತದೆ. ಅಂದರೆ ಕ್ರ್ಯಾಂಕಿನ ಒಂದು ಸುತ್ತಿಗೆ ಆರು ಸಲ ಛಕ್. ಕಣ್ಣು ಮುಚ್ಚಿದರೆ ಎಕ್ಸ್‌ಪ್ರೆಸ್ ಗಾಡಿ, ತೆರೆದರೆ ಎತ್ತಿನ ಗಾಡಿ.

ವಿಟೇಕರ್‌ನಲ್ಲಿ ರೈಲು ನಿಂತಾಗ ಎಲ್ಲರೂ ಫೋಟೋಗೆ ಓಡಿದರು. ಮಾವ ಮಾತ್ರ ಇಂಜಿನ್ನಿನ ಬಲಗಡೆ ಹೋಗಿ ನಿಂತರು. ಮೂವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿದ ಜೀವ. ಮೂರು ಸಿಲಿಂಡರ್ ಅಲ್ಲೇ ನೆಟ್ಟಗೆ ನಿಂತಿವೆ. ಆ ಭಾರ ಸರಿದೂಗಿಸೋಕೆ ಬಾಯ್ಲರನ್ನ ಎಡಕ್ಕೆ ಸರಿಸಿ ಕೂರಿಸಿದ್ದಾರೆ. ಕೆಳಗೆ ಕ್ರ್ಯಾಂಕ್ ಶಾಫ್ಟ್, ಅದರ ಮೇಲೆ ಎಣ್ಣೆ ಜಿನುಗೋ, ನಡು ತಪ್ಪಿಸಿ ಕೂರಿಸಿದ ಬಿಲ್ಲೆಗಳು, ಅಂದರೆ ಎಕ್ಸೆಂಟ್ರಿಕ್‌ಗಳು. ಸಿಲಿಂಡರಿಗೆ ಎರಡರಂತೆ ಒಟ್ಟು ಆರು. ಒಂದು ಮುಂದಕ್ಕೆ ಹೋಗೋಕೆ, ಇನ್ನೊಂದು ಹಿಂದಕ್ಕೆ. ಎರಡರ ರಾಡೂ ಬಾಗಿದ ಒಂದು ಲಿಂಕ್‌ನ ಎರಡು ತುದಿಗೆ ಸೇರುತ್ತವೆ. ಯಾವ ತುದಿ ಸಿಲಿಂಡರಿಗೆ ಉಗಿ ಬಿಡೋ ವಾಲ್ವ್ ಹತ್ತಿರ ಬರುತ್ತೋ ಅದರ ಮಾತು ವಾಲ್ವ್ ಕೇಳುತ್ತದೆ.

"ಹಿಂದಕ್ಕೆ ಹೋಗೋಕೆ ಏನು ಮಾಡ್ತಾರೆ ಕೇಳಿ" ಅಂದರು ಮಾವ. ಕೇಳಿದೆ. ಡ್ರೈವರ್ ಉತ್ತರ ಕೊಡಲಿಲ್ಲ. ಕೈಯಲ್ಲಿದ್ದ ಲಿವರ್ ಎಳೆದ. ನಿಂತ ಇಂಜಿನ್ನಲ್ಲಿ ಮೂರೂ ಲಿಂಕ್‌ಗಳು ಒಟ್ಟಿಗೆ ಸರಿದವು, ಅಷ್ಟೇ.

ಮಾವ ನನ್ನ ತೋಳು ಹಿಡಿದರು. "ಇನ್ನೊಂದ್ಸಲ ಎಳೆಯೋಕೆ ಹೇಳಿ."

ಆ ಡ್ರೈವರ್ ದೊಡ್ಡ ಮನುಷ್ಯ. ಮತ್ತೆ ತಳ್ಳಿದ, ಮತ್ತೆ ಎಳೆದ. ಹಿಂದೆ ಜನ ಸಾಲು ನಿಂತಿದ್ದರೂ ಮುಖ ಸಿಂಡರಿಸಲಿಲ್ಲ.

ಇದಕ್ಕೆ ಸ್ಟೀಫನ್‌ಸನ್ ಲಿಂಕ್ ಅಂತಾರೆ. 1842ರಲ್ಲಿ ಸ್ಟೀಫನ್‌ಸನ್ ಕಾರ್ಖಾನೆಯ ಕೆಲಸಗಾರರು ಮಾಡಿದ್ದು, ಹೆಸರು ಮಾತ್ರ ಯಜಮಾನರದು. ಇದನ್ನ ಹೇಳಿದಾಗ ಮಾವ "ಎಲ್ಲಾ ಕಡೆ ಅದೇ ಕಥೆ ಬಿಡಿ" ಅಂದರು. ಮಾಮೂಲಿ ಇಂಜಿನ್‌ಗಳಲ್ಲಿ ಇದೇ ಲಿಂಕು ಹೆಚ್ಚಾಗಿ ಚಕ್ರಗಳ ನಡುವೆ, ಹೊಟ್ಟೆ ಕೆಳಗೆ ಅಡಗಿರುತ್ತಿತ್ತು. ಎಣ್ಣೆ ಬಿಡೋಕೂ ತೆವಳಿಕೊಂಡು ಒಳಗೆ ಹೋಗಬೇಕು. ಹೈಸ್ಲರ್ ಅನ್ನೋ ಇನ್ನೊಂದು ಗೇರ್ ಇಂಜಿನ್ನಲ್ಲೂ ಸಿಲಿಂಡರ್‌ಗಳು ಬಾಯ್ಲರ್ ಕೆಳಗೇ. ಶೇ ಮಾತ್ರ ಎಲ್ಲಾ ಹೊರಗೆ ಹರಡಿಟ್ಟ. ಕಾಡಲ್ಲಿ ಕೆಟ್ಟರೆ ಸ್ಪ್ಯಾನರ್ ಹಿಡಿದು ನಿಂತಲ್ಲೇ ರಿಪೇರಿ. ಚಂದಕ್ಕೆ ತಲೆ ಕೆಡಿಸಿಕೊಳ್ಳದೆ ಮಾಡಿದ ಈ ಸೊಟ್ಟ ಇಂಜಿನ್ 2,700ಕ್ಕೂ ಹೆಚ್ಚು ಮಾರಾಟವಾಯಿತು. ಕೊನೆಯದು 1945ರದು, ಅದೂ ಕ್ಯಾಸ್‌ನಲ್ಲೇ ಇದೆ.

ವಾಪಸ್ ಬರುವಾಗ ಪೆಟ್ರೋಲ್ ಬಂಕಿನಲ್ಲಿ ಮಾವ ನನ್ನ ಕಾರಿನ ಬಾನೆಟ್ ತೆಗೆಸಿದರು. ಒಳಗೆ ಕಂಡಿದ್ದು ಒಂದು ಕರಿ ಪ್ಲಾಸ್ಟಿಕ್ ಮುಚ್ಚಳ. "ಇದನ್ನ ಯಾರಿಂದ ಬಚ್ಚಿಡ್ತಾರೆ?" ಅಂದರು. ನಾನು ಆಫೀಸಿನಲ್ಲಿ ಏನು ಮಾಡ್ತೀನಿ ಅಂತ ಮದುವೆಯಾದಾಗಿನಿಂದ ಕೇಳ್ತಾ ಇದ್ದಾರೆ. ತೋರಿಸೋಕೆ ನನ್ನ ಹತ್ತಿರ ಎಳೆಯೋ ಲಿವರ್ ಏನಿದೆ? ಒಂದು ಪರದೆ, ಅದರ ಮೇಲೆ ಅಕ್ಷರ. ನೋಡಿ "ಓಹೋ" ಅಂತಾರೆ. ಸುಮ್ನೆ ನನ್ನ ಮನಸ್ಸಿಗೆ ನೋವಾಗದಿರಲಿ ಅಂತ.

ಈಗ ಮನೆಯಲ್ಲಿ ಹೊಸ ಜಗಳ. ಮಾವ ಅರಸೀಕೆರೆಯಲ್ಲಿ ನೋಡಿದ್ದ ಮೀಟರ್‌ಗೇಜ್ ವೈಪಿ ಇಂಜಿನ್ನಿಗೆ ಒಂದು ಕಡೆಗೆ ಒಂದೇ ಪುಟ್ಟ ಕ್ರ್ಯಾಂಕ್ ಇತ್ತು, ಇಲ್ಲಿ ಸಿಲಿಂಡರಿಗೆ ಎರಡು ಎಕ್ಸೆಂಟ್ರಿಕ್ ಯಾಕೆ ಅಂತ. ಅದು ವಾಲ್‌ಶಾರ್ಟ್ ಗೇರ್, ವಾಲ್ವ್ ಆಡಿಸೋ ಇನ್ನೊಂದು ಬಗೆ, ಉಳಿದ ಚಲನೆಯನ್ನ ಪಿಸ್ಟನ್ ರಾಡಿನ ತುದಿಯಲ್ಲಿರೋ ಕ್ರಾಸ್‌ಹೆಡ್‌ನಿಂದ ತಗೊಳ್ಳುತ್ತೆ ಅಂದೆ. ಒಪ್ಪಲಿಲ್ಲ. ಎರಡನ್ನೂ ರಟ್ಟಿನಲ್ಲಿ ಕತ್ತರಿಸಿ ಮಾಡಿ ನೋಡಬೇಕಂತೆ. ಭಾವಮೈದನ ಹೊಸ ಶೂ ಡಬ್ಬ ಆಗಲೇ ಹೋಯಿತು, ನಾನು ಗುಂಡುಪಿನ್ನು ತರಬೇಕು.