ಕಡಲೆಕಾಯಿ ರಾಶಿಯಲ್ಲಿ ಅಪ್ಪನ ಕಿವಿ ಮಷೀನು

ಕಾರ್ತಿಕದ ಕೊನೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನಿಗೆ ಕೈಮುಗಿದು ಬಂದು, ಅಪ್ಪ ರಸ್ತೆ ಬದಿಯ ಒಂದು ರಾಶಿಯ ಮೇಲೆ ಬಗ್ಗಿದರು. ಜನರ ಮಧ್ಯೆ ಸೆಕೆಯಾಗಿ ಮಫ್ಲರ್ ಎಳೆದು ತೆಗೆದರು. ಆಮೇಲೆ ಹಾಗೇ ನಿಂತುಬಿಟ್ಟರು. ಬಲಗಿವಿ ಮುಟ್ಟಿ ನೋಡಿಕೊಂಡು, "ಪರಿಷೆ ನಿಂತೋಯ್ತಲ್ಲೋ" ಅಂದರು.

ಕಿವಿ ಮಷೀನು ಬಿದ್ದುಹೋಗಿತ್ತು. ಎಡಗಿವಿ ಅವರಿಗೆ ಮೊದಲೇ ಕೇಳುವುದಿಲ್ಲ. ಅಷ್ಟು ಪೀಪಿ, ಅಷ್ಟು ಕೂಗಾಟ, ಎಲ್ಲ ಒಂದೇ ಏಟಿಗೆ ಬಂದ್ ಆಗಿ ಅವರು ಅಲ್ಲಿ ಒಬ್ಬರೇ ನಿಂತಿದ್ದರು, ನಾನು ಪಕ್ಕದಲ್ಲೇ ಇದ್ದರೂ.

ಕಿವಿಯ ಹಿಂದೆ ಕೂರುವ ಮಷೀನು ನೋಡಿದ್ದೀರಲ್ವಾ? ಸ್ವಲ್ಪ ಬಾಗಿದ ಆಕಾರ, ಮೈ ಬಣ್ಣ, ಹೆಚ್ಚುಕಮ್ಮಿ ಒಂದು ಕಡಲೆಕಾಯಿಯಷ್ಟೇ ದೊಡ್ಡದು. ಅದು ಕಡಲೆಕಾಯಿ ರಾಶಿಗೇ ಬಿದ್ದಿತ್ತು. ಮೇಲೆ ಹಳದಿ ಬಲ್ಬು, ಕೆಳಗೆ ಎರಡು ಮೂಟೆ ಸುರಿದ ಗುಡ್ಡೆ. ನಾನು ಮಂಡಿಯೂರಿ ಹುಡುಕಲು ಶುರು ಮಾಡಿದೆ. ತಲೆಯಲ್ಲಿ "ಮೈ ಬಣ್ಣದ್ದು, ಬಾಗಿದ್ದು, ಚಿಕ್ಕದು" ಅಂತ ಇಟ್ಟುಕೊಂಡಿದ್ದೆ. ಹಾಗೆ ಹುಡುಕಿದರೆ ರಾಶಿಯಲ್ಲಿರುವುದೆಲ್ಲ ಅದೇ! ಪ್ರತಿ ಕಾಯಿಯೂ ಅರೆಕ್ಷಣ ಮಷೀನಿನ ಹಾಗೆ ಕಂಡು ಮತ್ತೆ ಕಾಯಿಯೇ ಆಗುತ್ತಿತ್ತು. ಕೈ ಹಾಕಿ ಕೆದಕಲು ಹೋದೆ. ಅಂಗಡಿಯ ಹೆಂಗಸು ಗಬಕ್ಕನೆ ನನ್ನ ಕೈ ಹಿಡಿದರು. "ಕೆದಕಬೇಡಿ ಅಣ್ಣ, ಇನ್ನೂ ಒಳಗೆ ಹೋಗುತ್ತೆ."

ಅವರು ಒಂದು ಖಾಲಿ ಚೀಲ ಹಾಸಿದರು. ರಾಶಿಯ ಅಂಚಿನಿಂದ ಒಂದೊಂದೇ ಬೊಗಸೆ ತೆಗೆದು, ಒಂದರ ಮೇಲೊಂದು ಬೀಳದ ಹಾಗೆ ಹರಡಿದರು, ನೋಡಿದ್ದನ್ನು ಆಚೆ ತಳ್ಳಿದರು. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದದ್ದೂ ಹೀಗೇ. ಮೊರದಲ್ಲಿ ಕರಿ ಕಲ್ಲು ತಾನೇ ಕಣ್ಣಿಗೆ ಬೀಳುತ್ತದೆ, ಬಿಳಿ ಕಲ್ಲು ಮಾತ್ರ ಊಟಕ್ಕೆ ಕೂತಾಗ ಹಲ್ಲಿಗೇ ಸಿಗುತ್ತದೆ. ಚಿಕ್ಕಂದಿನಿಂದ ನನಗೆ ಗೊತ್ತಿದ್ದ ಈ ಮಾತನ್ನೇ ಮನೋವಿಜ್ಞಾನಿಗಳಾದ ಆನ್ ಟ್ರೀಸ್‌ಮನ್ ಮತ್ತು ಗ್ಯಾರಿ ಗೆಲೇಡ್ 1980ರಲ್ಲಿ ಪ್ರಯೋಗ ಮಾಡಿ ಬರೆದಿದ್ದಾರೆ ಅಂತ ಆಮೇಲೆ ಓದಿದೆ. ಹುಡುಕುವ ವಸ್ತುವಿನ ಬಣ್ಣವೇ ಬೇರೆ ಇದ್ದರೆ ಸುತ್ತ ಎಷ್ಟೇ ವಸ್ತು ಇರಲಿ, ಸಿಗಲು ಹಿಡಿಯುವ ಸಮಯ ಹೆಚ್ಚುಕಮ್ಮಿ ಅಷ್ಟೇ. ಬಣ್ಣವೂ ಆಕಾರವೂ ಎರಡೂ ಕೂಡಿ ಬಂದರೆ ಮಾತ್ರ ಗುರುತು ಸಿಗುವಂಥದ್ದಾದರೆ, ಒಂದೊಂದು ವಸ್ತು ಹೆಚ್ಚಾದಂತೆ ಸಮಯವೂ ಏರುತ್ತದೆ.

ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಎಸ್. ಪಿ. ಅರುಣ್ ಅವರ ತಂಡ ಇದೇ ಹುಡುಕಾಟವನ್ನು ಅಳತೆಗೋಲು ಮಾಡಿಕೊಂಡಿದೆ. ಒಂದೇ ತರದ ವಸ್ತುಗಳ ನಡುವೆ ಬೇರೆ ಒಂದನ್ನು ಹುಡುಕಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ, ಅದನ್ನು ತಲೆಕೆಳಗು ಮಾಡಿದರೆ, ನಮ್ಮ ಕಣ್ಣಿಗೆ ಅವೆರಡು ಎಷ್ಟು ಬೇರೆ ಅನ್ನುವುದು ಸಿಗುತ್ತದೆ. ಹೊತ್ತು ಎರಡರಷ್ಟಾದರೆ ವ್ಯತ್ಯಾಸ ಅರ್ಧ. ನನಗೆ ಅರ್ಧ ಗಂಟೆ ಹಿಡಿದಿತ್ತು.

ಸ್ವಲ್ಪ ಹೊತ್ತಿಗೆ ಇನ್ನೊಂದು ತೊಂದರೆ ಶುರುವಾಯಿತು. ಇಪ್ಪತ್ತು ಬೊಗಸೆ ನೋಡಿ ಏನೂ ಸಿಗದಿದ್ದಾಗ, ಇಪ್ಪತ್ತೊಂದನೆಯದನ್ನು ನಾನು ಸುಮ್ನೆ ಮೇಲಿಂದ ಮೇಲೆ ನೋಡಿ ತಳ್ಳುತ್ತಿದ್ದೆ. ಇಲ್ಲಿಲ್ಲ ಅಂತ ಮನಸ್ಸು ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು. ಇದು ನನ್ನೊಬ್ಬನದೇ ಅಲ್ಲ. 2005ರಲ್ಲಿ ಜೆರೆಮಿ ವುಲ್ಫ್ ಮತ್ತು ಸಂಗಡಿಗರು, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ನೋಡುವ ತರದ ಚಿತ್ರಗಳಲ್ಲಿ ಜನರಿಂದ ಕೆಲಸದ ಹತಾರಗಳನ್ನು ಹುಡುಕಿಸಿದರು. ಅರ್ಧದಷ್ಟು ಚಿತ್ರಗಳಲ್ಲಿ ಹತಾರ ಇದ್ದಾಗ ತಪ್ಪಿಹೋದದ್ದು ಶೇ. 7. ನೂರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ಶೇ. 30. ಅಪರೂಪದ್ದು ಎದುರಿಗೇ ಇದ್ದರೂ ನಾವು ಬೇಗ ಕೈಬಿಡುತ್ತೇವೆ. ಹಾಗಾದರೆ ದಿನವಿಡೀ ಎಕ್ಸ್-ರೇ ನೋಡುತ್ತಾ ಕೂರುವವರ ಕೆಲಸ ಎಷ್ಟು ಕಷ್ಟ ಅಂತ ಆ ಚೀಲದ ಮುಂದೆ ಕೂತವನಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಆ ಹೆಂಗಸು ನಿಲ್ಲಿಸಿ ಕೇಳಿದರು. "ಎಲ್ಲಾ ಕಡಲೆಕಾಯಿ ಬಣ್ಣನೇನಾ? ಬೇರೆ ಬಣ್ಣ ಒಂಚೂರೂ ಇಲ್ವಾ ಅದರಲ್ಲಿ?"

ನನಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ದಿನಾ ನೋಡುತ್ತಿದ್ದ ವಸ್ತು! ಮೊಬೈಲಿನಲ್ಲಿ ಟೈಪ್ ಮಾಡಿ ಅಪ್ಪನಿಗೆ ತೋರಿಸಿದೆ. ಅವರು ಓದಿ, ತಮ್ಮ ಕಿವಿಗೇ ಕೇಳದ ಜೋರು ದನಿಯಲ್ಲಿ, "ಕೆಂಪು ಚುಕ್ಕೆ ಇದೆ" ಅಂದರು. ಬಲಗಿವಿಯ ಮಷೀನಿಗೆ ಕೆಂಪು ಗುರುತು, ಎಡಗಿವಿಯದಕ್ಕೆ ನೀಲಿ. ಅಪ್ಪ ಪ್ರತಿ ಬೆಳಿಗ್ಗೆ ಅದನ್ನು ನೋಡಿಯೇ ಹಾಕಿಕೊಳ್ಳುತ್ತಿದ್ದರಂತೆ.

ಆಮೇಲೆ ನಾನು ಮಷೀನು ಹುಡುಕಲಿಲ್ಲ, ಬರೀ ಕೆಂಪು ಹುಡುಕಿದೆ. ಮೂರೋ ನಾಲ್ಕೋ ಬೊಗಸೆ ಹರಡಿರಬೇಕು, ಸಾಸಿವೆ ಕಾಳಿಗಿಂತ ಚಿಕ್ಕ ಚುಕ್ಕೆ, ತಾನಾಗೇ ಕಣ್ಣಿಗೆ ಬಂದು ಬಿತ್ತು. ಮಣ್ಣು ಒರೆಸಿ ಅಪ್ಪನ ಕೈಗೆ ಕೊಟ್ಟೆ. ಅವರು ಹಾಕಿಕೊಂಡು ಒಂದು ನಿಮಿಷ ಕಣ್ಣು ಮುಚ್ಚಿ ನಿಂತರು. ಆ ಹೆಂಗಸಿನಿಂದ ನಾಲ್ಕು ಸೇರು ಕಾಯಿ ಕೊಂಡೆವು, ಅವರು ಮೇಲೊಂದು ಬೊಗಸೆ ಹಾಕಿದರು.

ಮನೆಗೆ ಬಂದು ಮಷೀನಿಗೆ ಒಂದು ಕೆಂಪು ದಾರ ಕಟ್ಟುತ್ತೇನೆ ಅಂದೆ. ಅಪ್ಪ ಬೇಡ ಅಂದರು. ಯಾರಿಗೂ ಕಾಣಬಾರದು ಅಂತಲೇ ಅಲ್ವಾ ಈ ಬಣ್ಣದ್ದು ತಗೊಂಡಿದ್ದು ಅಂದರು. ನಾನು ಜಾಸ್ತಿ ಒತ್ತಾಯ ಮಾಡಲಿಲ್ಲ. ಮೊನ್ನೆ ಬೆಳಿಗ್ಗೆ ನೋಡಿದರೆ, ಕಿವಿಯ ಹಿಂದಿನಿಂದ ಷರ್ಟಿನ ಕಾಲರಿಗೆ ಒಂದು ದಾರ ಇಳಿದಿತ್ತು. ಅಮ್ಮನ ಹೊಲಿಗೆ ಡಬ್ಬಿಯದು, ಕೆಂಪು.